ಒಂದು ಸ್ಕೂಟರ್, ಮೂರು ಡಕೋಟಾ: ಆಡುಮಾತಿನ ಒಂದು ಪದ ತಂದ ತೊಡಕಿನ ಅಧ್ಯಯನ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಕಳೆದ ವರ್ಷ ಶ್ರಾವಣ ಮಾಸದ ಒಂದು ಭಾನುವಾರ, 1994ರ ಬಜಾಜ್ ಚೇತಕ್ ಸ್ಕೂಟರೊಂದರ ಮಾರಾಟ ಮನೆಯ ಗೇಟಿನ ಮುಂದೆಯೇ ಮುರಿದುಬಿತ್ತು. ಬೆಲೆಯ ಮಾತು ಆರಂಭವಾಗುವ ಮೊದಲೇ ಇದಾಯಿತು. ಮಾರುವವರಿಗೂ ಕೊಳ್ಳುವವನಿಗೂ ಹಿಂದಿನ ಪರಿಚಯವಿರಲಿಲ್ಲ, ಆದ್ದರಿಂದ ಹಳೆಯ ಮನಸ್ತಾಪದ ಪ್ರಶ್ನೆಯೇ ಇರಲಿಲ್ಲ. ಜಗಳಕ್ಕೆ ಕಾರಣವಾದದ್ದು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ್ದ ಒಂದು ಸಾಲಿನ ಸೂಚನೆ, ಆ ಸಾಲಿನಲ್ಲಿದ್ದ ಒಂದೇ ಒಂದು ಪದ. ಸಾಲನ್ನು ಬರೆದುಕೊಟ್ಟವನು ನಾನು. ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಆಡುಮಾತಿನ ಪದಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವಿಟ್ಟುಕೊಂಡವನ ಕೈಯಿಂದಲೇ ಈ ತಪ್ಪು ನಡೆದದ್ದರಿಂದ, ಅದನ್ನು ಮೊದಲಿನಿಂದ ಕೊನೆಯವರೆಗೆ ದಾಖಲಿಸಿಡುವುದು ನನ್ನ ಹೊಣೆಯೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ಸ್ಕೂಟರಿನ ಒಡೆಯರು ನಮ್ಮ ಬೀದಿಯ ಹಿರಿಯರು, ಎಂಬತ್ತು ದಾಟಿದವರು. ಮೊಣಕಾಲಿನ ನೋವಿನಿಂದ ಕಿಕ್ ಹೊಡೆಯುವುದು ಕಷ್ಟವಾಗಿ, ಮಾರಿಬಿಡೋಣವೆಂದು ಮಗ ಎರಡು ವರ್ಷದಿಂದ ಹೇಳುತ್ತ ಬಂದಿದ್ದರೂ ಅವರು ಒಪ್ಪಿರಲಿಲ್ಲ. ಕೊನೆಗೆ ಒಪ್ಪಿದ ದಿನ, ಅವರ ಮನಸ್ಸು ಬದಲಾಗುವುದರೊಳಗೆ ಕೆಲಸ ಮುಗಿಯಲೆಂದು ಮಗ ನನ್ನ ಬಳಿಗೆ ಬಂದು, "ಮೇಷ್ಟ್ರೇ, ಎರಡು ಸಾಲು ಚೆನ್ನಾಗಿ ಬರ್ಕೊಡಿ, ಗ್ರೂಪಲ್ಲಿ ಹಾಕ್ತೀನಿ" ಎಂದ. ನಾನು ಬರೆದದ್ದು ಇಷ್ಟು: "ಹಳೆಯ ಚೇತಕ್ ಮಾರಾಟಕ್ಕಿದೆ. ಡಕೋಟಾ ಗಾಡಿ. ಬೆಲೆ ಮಾತಾಡಿಕೊಳ್ಳಬಹುದು." ಮಗ ಓದಿ ನಕ್ಕ. ಆ ನಗುವಿನಲ್ಲಿ ಒಪ್ಪಿಗೆಯಿತ್ತು, ಏಕೆಂದರೆ ಅವರ ಮನೆಯಲ್ಲಿ ಮಕ್ಕಳೆಲ್ಲ ಆ ಸ್ಕೂಟರನ್ನು ಕರೆಯುತ್ತಿದ್ದುದೇ ಹಾಗೆ. ಅಪ್ಪನ ಎದುರಿಗೆ ಮಾತ್ರ ಅಲ್ಲವೆಂಬುದು ನನಗೆ ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ಕೊಳ್ಳಲು ಬಂದವನು ಕಲಬುರಗಿ ಕಡೆಯ ಯುವಕ. ಹೆಬ್ಬಾಳದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ, ಮೈಸೂರಿಗೆ ಬಂದು ನಾಲ್ಕು ವರ್ಷ. ಜೊತೆಗೊಬ್ಬ ಗೆಳೆಯ, ಹಿಂದೆ ಬಾಡಿಗೆಗೆ ಹಿಡಿದ ಒಂದು ಗೂಡ್ಸ್ ಆಟೋ. ಹಿರಿಯರು ಅಂದು ಬೆಳಗಿನ ಐದೂವರೆಗೆ ಎದ್ದು ಸ್ಕೂಟರನ್ನು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಪ್ಲಗ್ ಬಿಚ್ಚಿ ಉಜ್ಜಿ, ಹೊಸದಾಗಿ ಪೆಟ್ರೋಲ್ ಹಾಕಿಸಿ ಗೇಟಿನೊಳಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ಆಟೋ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಆಟೋ ಯಾಕಪ್ಪಾ?" ಯುವಕ ಸಹಜವಾಗಿಯೇ, "ಗಾಡಿ ಹೇರ್ಕೊಂಡು ಹೋಗ್ಲಾಕ ತಂದೀವ್ರಿ" ಎಂದ. "ಓಡೋ ಗಾಡೀನ ಯಾರಾದ್ರೂ ಹೊತ್ಕೊಂಡ್ ಹೋಗ್ತಾರೇನಪ್ಪಾ?" ಎಂದರು ಹಿರಿಯರು. ಅದಕ್ಕೆ ಅವನು ಫೋನನ್ನು ಅವರ ಮುಂದೆ ಹಿಡಿದು, "ಡಕೋಟಾ ಅಂತ ನೀವೇ ಹಾಕೀರಲ್ರಿ, ಚಾಲೂ ಇಲ್ಲ ಅಂತ ತಿಳ್ಕೊಂಡೆ" ಎಂದ. ತನ್ನ ಊರಿನಲ್ಲಿ ಅಪ್ಪನ ಬಳಿಯಿರುವ ಚೇತಕ್ಕಿಗೆ ಬಿಡಿಭಾಗ ಬೇಕಾಗಿ, ಗುಜರಿ ಲೆಕ್ಕದಲ್ಲಿ ತೂಕಕ್ಕೆ ಕೊಂಡುಹೋಗಲು ಅವನು ಬಂದಿದ್ದ. ಚೇತಕ್ ನೂರು ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ. ಕಿಲೋಗೆ ಇಷ್ಟು ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು ಎರಡೂವರೆ ಸಾವಿರ ರೂಪಾಯಿ ಎಣಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಮಗ ಮನಸ್ಸಿನಲ್ಲಿಟ್ಟುಕೊಂಡಿದ್ದ ಬೆಲೆ ಒಂಬತ್ತು ಸಾವಿರ.

ಹಿರಿಯರು ಫೋನಿನ ಪರದೆಯನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಗೇಟು ಹಾಕಿದರು. ಮಗನ ಕಡೆಗೆ ತಿರುಗಿ ಆಡಿದ ಮಾತನ್ನು, ಎದುರು ಮನೆಯ ಜಗುಲಿಯಲ್ಲಿ ನಿಂತಿದ್ದ ನಾನು ಕಿವಿಯಾರೆ ಕೇಳಿದೆ: "ಈ ಗಾಡಿ ಕೊಡಲ್ಲ. ಗುಜರಿಯವ್ರಿಗೂ ಕೊಡಲ್ಲ, ಯಾರಿಗೂ ಕೊಡಲ್ಲ. ಡಕೋಟಾ ಅಂದ್ರೆ ಏನು ಅಂತ ಗೊತ್ತಿಲ್ದೋರ ಕೈಗೆ ಕೊಡಲ್ಲ."

ಘಟನೆ ಇಷ್ಟೇ. ಮೂವರೂ ಒಳ್ಳೆಯವರು. ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ, ಮೋಸ ಮಾಡುವ ಉದ್ದೇಶವೂ ಇರಲಿಲ್ಲ. ಆದರೂ ಒಬ್ಬರಿಗೆ ಅವಮಾನವಾಯಿತು, ಒಬ್ಬನಿಗೆ ಆಟೋ ಬಾಡಿಗೆ ದಂಡವಾಯಿತು, ಇನ್ನೊಬ್ಬ ತಂದೆಯ ಮುಖ ನೋಡಲಾರದೆ ಎರಡು ದಿನ ತಲೆ ತಗ್ಗಿಸಿಕೊಂಡು ಓಡಾಡಿದ. ಆ ಎರಡು ದಿನಗಳಲ್ಲಿ ನಾನು ಮೂವರ ಜೊತೆಯೂ ಬೇರೆಬೇರೆಯಾಗಿ ಕುಳಿತು ಮಾತಾಡಿದೆ. ಅಲ್ಲಿ ತಿಳಿದುಬಂದದ್ದನ್ನು ಪದದ ಅರ್ಥದ ದೃಷ್ಟಿಯಿಂದ ವಿವರಿಸುತ್ತೇನೆ.

ಮೊದಲು ನನ್ನ ಅರ್ಥ, ಮಗನದೂ ಅದೇ. ನಮ್ಮ ಮೈಸೂರು, ಮಂಡ್ಯ, ಬೆಂಗಳೂರು ಸೀಮೆಯ ಮಾತಿನಲ್ಲಿ ಡಕೋಟಾ ಎಂದರೆ ಲಡಾಸು ಹಿಡಿದ, ಸದ್ದು ಮಾಡುವ, ನೋಡಲು ಚೆನ್ನಾಗಿಲ್ಲದ, ಆದರೆ ಹೇಗೋ ಓಡುತ್ತಲೇ ಇರುವ ಗಾಡಿ. "ಹೇಗೋ ಓಡುತ್ತಲೇ ಇರುವ" ಎಂಬ ಭಾಗವಿಲ್ಲದಿದ್ದರೆ ಈ ಪದವೇ ಇಲ್ಲ. ನಿಂತುಹೋದ ಗಾಡಿಯನ್ನು ನಾವು ಡಕೋಟಾ ಎನ್ನುವುದಿಲ್ಲ, ಗುಜರಿ ಎನ್ನುತ್ತೇವೆ. ಘಟ್ಟದ ತಿರುವಿನಲ್ಲಿ ಹೊಗೆ ಬಿಟ್ಟುಕೊಂಡು, ಕಿಟಕಿಯ ಗಾಜುಗಳನ್ನು ಗಲಗಲ ಅಲುಗಿಸಿಕೊಂಡು ಹತ್ತುವ ಬಸ್ಸು "ಡಕೋಟಾ ಎಕ್ಸ್‌ಪ್ರೆಸ್" ಆಗುವುದು, ಅದು ಹತ್ತುತ್ತಿದೆ ಎಂಬ ಕಾರಣಕ್ಕೇ. ಹೀಗಾಗಿ ನಾನು ಆ ಪದವನ್ನು ಬರೆದಾಗ, ಸ್ಕೂಟರ್ ಓಡುತ್ತದೆ ಎಂದು ಮತ್ತೆ ಹೇಳುವ ಅಗತ್ಯವೇ ನನಗೆ ಕಂಡಿರಲಿಲ್ಲ. ಅದು ಪದದೊಳಗೇ ಇದೆ ಎಂದು ನಂಬಿದ್ದೆ.

ಯುವಕನ ಅರ್ಥ ಬೇರೆಯಾಗಿತ್ತು. ಅವನು ಹುಟ್ಟಿ ಬೆಳೆದ ಕಡೆ ಓಡುವ ಹಳೆಯ ಗಾಡಿಗೆ ಖಟಾರಾ ಎಂಬ ಮಾತಿದೆ. "ನಮ್ಮ ಕಡಿ ಹಳೇ ಗಾಡಿಗಿ ಖಟಾರಾ ಅಂತೀವ್ರಿ, ಡಕೋಟಾ ಅನ್ನೂದು ನಾ ಇಲ್ಲೇ ಕಲ್ತದ್ದು" ಎಂದ. ಎಲ್ಲಿ ಕಲಿತೆ ಎಂದು ಕೇಳಿದಾಗ ತೊಡಕಿನ ಬೇರು ಸಿಕ್ಕಿತು. ಅವನ ಕಾರ್ಖಾನೆಯ ಒಂದು ಮೂಲೆಯಲ್ಲಿ ಕೆಟ್ಟುಹೋದ ಪಂಪುಗಳನ್ನೂ ಮೋಟಾರುಗಳನ್ನೂ ಗುಡ್ಡೆ ಹಾಕಿದ್ದಾರೆ. ಮೈಸೂರಿನ ಜೊತೆಗಾರರು ಅವುಗಳನ್ನು ತೋರಿಸಿ "ಅದೆಲ್ಲ ಡಕೋಟಾ, ಮುಟ್ಬೇಡ" ಎಂದಿದ್ದರು. ಒಂದು ಪದವನ್ನು ಮೊದಲ ಬಾರಿಗೆ ಯಾವ ವಸ್ತುವಿನ ಪಕ್ಕದಲ್ಲಿ ಕೇಳುತ್ತೇವೆಯೋ ಆ ವಸ್ತುವೇ ಆ ಪದದ ಅರ್ಥವಾಗಿ ಮನಸ್ಸಿನಲ್ಲಿ ಕೂರುತ್ತದೆ. ಅವನ ಮಟ್ಟಿಗೆ ಖಟಾರಾ ಓಡುವುದು, ಡಕೋಟಾ ಓಡದೆ ಮೂಲೆ ಸೇರಿದ್ದು. ಎರಡು ಪದಗಳು ಕೈಗೆ ಸಿಕ್ಕಾಗ ಅವೆರಡಕ್ಕೂ ಒಂದೇ ಅರ್ಥ ಕೊಡದೆ ಕೆಲಸ ಹಂಚುವುದು ಯಾವ ಭಾಷಿಕನೂ ಮಾಡುವ ಕೆಲಸ. ಅವನು ಮಾಡಿದ್ದೂ ಅದನ್ನೇ, ಅದರಲ್ಲಿ ತಪ್ಪಿಲ್ಲ.

ಹಿರಿಯರ ಅರ್ಥಕ್ಕೆ ಬರುವಾಗ ಈ ಪ್ರಕರಣ ಪದಕೋಶದ ಗಡಿ ದಾಟುತ್ತದೆ. ಅವರು 1963ರಲ್ಲಿ ವಾಯುಪಡೆ ಸೇರಿ ಹದಿನೈದು ವರ್ಷ ಎಂಜಿನ್ ಫಿಟ್ಟರ್ ಆಗಿದ್ದವರು, ಅದರಲ್ಲಿ ಬಹುಪಾಲು ಅಸ್ಸಾಮಿನ ಜೋರ್‌ಹಾಟ್‌ನಲ್ಲಿ. ಅವರ ಮಟ್ಟಿಗೆ ಡಕೋಟಾ ಒಂದು ವಿಮಾನದ ಹೆಸರು, ಬೇರೇನೂ ಅಲ್ಲ. ಜೋರ್‌ಹಾಟ್‌ನಿಂದ ಹೊರಡುತ್ತಿದ್ದ ಡಕೋಟಾಗಳು, ಈಗ ಅರುಣಾಚಲವಾಗಿರುವ ಅಂದಿನ ನೇಫಾ ಗುಡ್ಡಗಾಡಿನ ಕಾವಲು ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ, ಮದ್ದುಗುಂಡುಗಳನ್ನು ತೆರೆದ ಬಾಗಿಲಿನಿಂದ ಕೆಳಕ್ಕೆ ತಳ್ಳಿ ಬರುತ್ತಿದ್ದವು. ರಸ್ತೆಯಿಲ್ಲದ ಆ ಕಣಿವೆಗಳಲ್ಲಿ, ಮೋಡ ಕವಿದರೆ ಬೆಟ್ಟ ಯಾವುದು ಬಯಲು ಯಾವುದು ಕಾಣದ ಕಡೆ, ಅದೊಂದೇ ದಾರಿ. "ಆ ವಿಮಾನ ಒಂದಿನ ಹಾರ್ಲಿಲ್ಲ ಅಂದ್ರೆ ಮೇಲಿನ ಪೋಸ್ಟ್‌ನಲ್ಲಿ ಒಲೆ ಉರೀತಿರ್ಲಿಲ್ಲ ಮೇಷ್ಟ್ರೇ. ನಾನು ಅದರ ಎಂಜಿನ್ ಕೆಳಗೆ ನಿಂತು ಮೈಯೆಲ್ಲ ಎಣ್ಣೆ ಮಾಡ್ಕೊಂಡಿದೀನಿ. ಊರಿಗೆ ಬಂದ್ರೆ ಜನ ಹರಕು ಬಸ್ಸಿಗೆ ಅದರ ಹೆಸರಿಟ್ಟಿದಾರೆ" ಎಂದರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪದ ಕಿವಿಗೆ ಬಿದ್ದಾಗಲೆಲ್ಲ ಅವರು ಸುಮ್ಮನಿದ್ದರು. ತಮ್ಮದೇ ಸ್ಕೂಟರಿನ ಮೇಲೆ, ತಮ್ಮದೇ ಮನೆಯವರು ಅದನ್ನು ಹೊರಿಸಿ ಊರಿಗೆಲ್ಲ ಸಾರಿದಾಗ ಮಾತ್ರ ಗೇಟು ಹಾಕಿದರು.

ಇಲ್ಲಿ ಆ ವಿಮಾನದ ವಿಷಯ ಒಂದಿಷ್ಟು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದರ ಸೈನಿಕ ರೂಪಗಳು ಎರಡನೆಯ ಮಹಾಯುದ್ಧದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು, ಬ್ರಿಟಿಷ್ ವಾಯುಪಡೆ ಅದಕ್ಕಿಟ್ಟ ಹೆಸರು ಡಕೋಟಾ. ಅದು ಅಮೆರಿಕದ ಒಂದು ಮೂಲನಿವಾಸಿ ಜನಾಂಗದ ಹೆಸರು. ಅವರ ಮಾತಿನಲ್ಲಿ ಅದಕ್ಕೆ ಗೆಳೆಯ, ಮಿತ್ರ ಎಂಬ ಅರ್ಥವಿದೆ. ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ನಡೆದದ್ದು, 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ. ಯುದ್ಧ ಮುಗಿದ ಮೇಲೆ ಮಿಕ್ಕುಳಿದ ಡಕೋಟಾಗಳನ್ನು ಅಲ್ಲಿಯೇ ಬಿಚ್ಚಿ, ಸರಿಪಡಿಸಿ, ಪ್ರಯಾಣಿಕರ ವಿಮಾನಗಳನ್ನಾಗಿ ಮಾಡಿ ಕೊಟ್ಟರು. ಹಾಗಾಗಿ ಕನ್ನಡ ನಾಡಿನ ಕೈಗಳು ಈ ವಿಮಾನವನ್ನು ಬಹಳ ಹಿಂದಿನಿಂದ ಬಲ್ಲವು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ದೆಹಲಿಯಿಂದ ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳೇ. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಅದರ ಪಾಲಿಗೆ ಬಂದ 99 ವಿಮಾನಗಳಲ್ಲಿ 74 ಡಕೋಟಾಗಳಿದ್ದವು. ವಾಯುಪಡೆಯಿಂದ ಅವು ಪೂರ್ತಿ ಮರೆಯಾದದ್ದು 1980ರ ದಶಕದ ಕೊನೆಯಲ್ಲಿ.

ಇಷ್ಟು ಗಟ್ಟಿಯಾದ ವಿಮಾನದ ಹೆಸರು ಹರಕು ವಸ್ತುವಿನ ಹೆಸರಾದದ್ದು ಹೇಗೆ? ನನಗೆ ತೋರುವ ವಿವರಣೆ ಹೀಗಿದೆ. ಒಂದು ವಸ್ತು ಬೇಗ ಕೆಟ್ಟುಹೋದರೆ ಅದಕ್ಕೆ ಹರಕು ಎಂಬ ಹೆಸರು ಅಂಟುವಷ್ಟು ಕಾಲವೇ ಇರುವುದಿಲ್ಲ. ಜನ ಅದನ್ನು ಮರೆಯುತ್ತಾರೆ. ಬಹಳ ಕಾಲ ಬಾಳಿದ ವಸ್ತುವಿಗೆ ಮಾತ್ರ ಜನರ ಕಣ್ಣೆದುರಿಗೆ ಹಳತಾಗುವ ಅವಕಾಶ ಸಿಗುತ್ತದೆ. 1957ರಲ್ಲಿ ವೈಕೌಂಟ್, ಆಮೇಲೆ ಫೋಕರ್, ಆವ್ರೊ, ಕ್ಯಾರವೆಲ್ ವಿಮಾನಗಳು ಬಂದಾಗ, ಅವುಗಳ ಪಕ್ಕದಲ್ಲಿ ಡಕೋಟಾ ನಿಧಾನದ್ದಾಗಿ, ಸದ್ದಿನದಾಗಿ, ಮೋಡದೊಳಗೆ ಹೊಕ್ಕರೆ ಹೊಟ್ಟೆ ತೊಳಸುವಂತೆ ಅಲುಗುವುದಾಗಿ ಕಂಡಿತು. ನೆಲದ ಮೇಲೆ ನಿಂತಾಗಲೂ ಅದರ ಎಂಜಿನಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಿರಿಯರು ಇದನ್ನು ಅಲ್ಲಗಳೆಯಲಿಲ್ಲ, ಆದರೆ ತಿದ್ದಿದರು: "ಎಣ್ಣೆ ಸೋರ್ತಿದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥ. ಸೋರೋದು ನಿಂತ್ರೆ ನಮಗೆ ಭಯ." ಹೊರಗಿನವನ ಕಣ್ಣಿಗೆ ಕೊರತೆಯಾಗಿ ಕಂಡದ್ದು ಕೆಲಸಗಾರನ ಕಣ್ಣಿಗೆ ಆರೋಗ್ಯದ ಗುರುತು. ಈ ಒಂದು ಮಾತನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಡಕೋಟಾ ಪದದ ಮುಂದೆ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.

ಹೆಸರು ವಿಮಾನದಿಂದ ಬಸ್ಸಿಗೆ, ಬಸ್ಸಿನಿಂದ ಸ್ಕೂಟರಿಗೆ ಇಳಿಯಿತು. ತಮಿಳಿನ ಆಡುಮಾತಿನಲ್ಲೂ ಇದು ಹೀಗೆಯೇ ಇಳಿದಿದೆ. ಕನ್ನಡದಲ್ಲಿ ಅದು ಅಲ್ಲಿಗೇ ನಿಲ್ಲಲಿಲ್ಲ. ಕರಕರ ಸದ್ದು ಮಾಡುವ ಸೀಲಿಂಗ್ ಫ್ಯಾನು, ಹೊಡೆದರಷ್ಟೇ ಚಿತ್ರ ಮೂಡುವ ಟಿವಿ, ತೆರೆದುಕೊಳ್ಳಲು ಹತ್ತು ನಿಮಿಷ ತೆಗೆದುಕೊಳ್ಳುವ ಕಚೇರಿಯ ಕಂಪ್ಯೂಟರ್ ಎಲ್ಲವೂ ಡಕೋಟಾ. ಕೊನೆಗೆ ಮನುಷ್ಯನ ಮೈಯೂ. "ಮೊಣಕಾಲು ಡಕೋಟಾ ಆಗಿದೆ ಕಣಯ್ಯಾ" ಎಂದು ನನ್ನ ವಯಸ್ಸಿನವರು ಹೇಳಿಕೊಳ್ಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದು "ಹೇಳಿಕೊಳ್ಳುತ್ತಾರೆ" ಎಂಬ ಕ್ರಿಯಾಪದ. ತನ್ನ ಮೊಣಕಾಲನ್ನು ಯಾರಾದರೂ ಡಕೋಟಾ ಎನ್ನಬಹುದು, ಆದರೆ ಎದುರಿಗಿರುವ ಹಿರಿಯರನ್ನು "ನಿಮ್ಮ ಮೊಣಕಾಲು ಡಕೋಟಾ ಆಗಿದೆಯಾ?" ಎಂದು ಕೇಳುವ ಕನ್ನಡಿಗನನ್ನು ನಾನು ಇದುವರೆಗೆ ಕಂಡಿಲ್ಲ. "ನಮ್ಮ ಡಕೋಟಾ" ಎಂದಾಗ ಪ್ರೀತಿ ಇದೆ, ಒಡೆತನದ ಸಲುಗೆ ಇದೆ, ಕಷ್ಟಕಾಲದಲ್ಲಿ ಜೊತೆಗಿದ್ದದ್ದರ ನೆನಪಿದೆ. "ನಿಮ್ಮ ಡಕೋಟಾ" ಎಂದಾಗ, ಹೇಳಿದವನು ಜೀವದ ಗೆಳೆಯನಲ್ಲದಿದ್ದರೆ, ಅದು ಬೈಗುಳ. ಷಷ್ಠಿ ವಿಭಕ್ತಿಯ ಒಂದು ಸರ್ವನಾಮ ಬದಲಾದರೆ ಪದದ ಮೈಬಣ್ಣವೇ ಬದಲಾಗುತ್ತದೆ. ನಮ್ಮ ಬಡಾವಣೆಯ ಗ್ಯಾರೇಜಿನ ಮೆಕ್ಯಾನಿಕ್ಕನ್ನು ಈ ವಿಷಯ ಕೇಳಿದಾಗ ಅವನು, ಗಿರಾಕಿ ತಾನೇ ಆ ಮಾತು ಆಡಿದರೂ ತಾನು ಆಡುವುದಿಲ್ಲವೆಂದೂ, "ವಯಸ್ಸಾಗಿದೆ ಸಾರ್ ಗಾಡಿಗೆ" ಎಂದಷ್ಟೇ ಹೇಳುವುದೆಂದೂ ಗಂಭೀರವಾಗಿ ತಿಳಿಸಿದ. ಅವನಿಗೆ ಯಾರೂ ಕಲಿಸದ ಈ ಎಚ್ಚರ, ಪದವನ್ನು ಬಲ್ಲೆನೆಂದುಕೊಂಡಿದ್ದ ನನಗೆ ಬರೆಯುವಾಗ ಇರಲಿಲ್ಲ.

ನಾನು ಬರೆದ ಸೂಚನೆಯ ದೋಷ ಈಗ ಸ್ಪಷ್ಟವಾಗುತ್ತದೆ. "ಡಕೋಟಾ ಗಾಡಿ" ಎಂಬಲ್ಲಿ "ನಮ್ಮ" ಇರಲಿಲ್ಲ, "ನಿಮ್ಮ" ಕೂಡ ಇರಲಿಲ್ಲ. ಮನೆಯೊಳಗೆ ಮಕ್ಕಳು ಸಲುಗೆಯಿಂದ ಕರೆಯುತ್ತಿದ್ದ ಹೆಸರನ್ನು ಸರ್ವನಾಮ ಕಳಚಿ ಬೀದಿಗೆ ತಂದು ನಿಲ್ಲಿಸಿದೆ. ಸಲುಗೆ ಮನೆಯಲ್ಲೇ ಉಳಿಯಿತು, ಹೊರಗೆ ಹೋದದ್ದು ಹರಕುತನ ಮಾತ್ರ. ಓದಿದವನು ತನ್ನಲ್ಲಿದ್ದ ಅರ್ಥವನ್ನು ಅದರೊಳಗೆ ತುಂಬಿಕೊಂಡ. ಒಡೆಯರು ತಮ್ಮ ಬದುಕಿನ ಹದಿನೈದು ವರ್ಷಗಳನ್ನು ಅದರಲ್ಲಿ ಕಂಡರು.

ಇದೇ ಗುಂಪಿನ ಬೇರೆ ಪದಗಳನ್ನು ಹಾಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದೇನೆ. ಲಡಾಸು ಎಂದಿದ್ದರೆ ಯುವಕನಿಗೆ ಅರ್ಥವೇ ಆಗದೆ ಹೋಗಬಹುದಿತ್ತು. ಡಬ್ಬಾ ಎಂದಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಆ ಪದ ವಸ್ತುವಿನ ವಯಸ್ಸನ್ನು ಬಿಟ್ಟು ಗುಣವನ್ನೇ ಹಿಡಿಯುತ್ತದೆ. ನಿನ್ನೆ ಬಿಡುಗಡೆಯಾದ ಸಿನಿಮಾವನ್ನೂ ಡಬ್ಬಾ ಎನ್ನಬಹುದು. ಡಬ್ಬಾ ಎನಿಸಿಕೊಳ್ಳಲು ಹಳೆಯದಾಗಬೇಕಿಲ್ಲ. "ಕಿತ್ತೋದ" ಎಂಬುದು ಚಪ್ಪಲಿಯಿಂದ ಹೊರಟು ಈಗ ಯಾವುದಕ್ಕೆ ಬೇಕಾದರೂ ಅಂಟುವ ತಿರಸ್ಕಾರ. "ಓಬೀರಾಯನ ಕಾಲದ್ದು" ಎಂದರೆ ವಯಸ್ಸನ್ನು ಮಾತ್ರ ಹೇಳಿ ಸ್ಥಿತಿಯ ಬಗ್ಗೆ ಮೌನವಾಗಿರುವ ಒಳ್ಳೆಯ ಮಾತು, ಆದರೆ ಮಾರಾಟಕ್ಕೆ ಒದಗುವುದಿಲ್ಲ. ಚಿಂದಿ ಎಂಬ ಪದದ ಪ್ರಯಾಣವಂತೂ ಬೇರೆಯೇ ದಿಕ್ಕಿನದು. ಹರಿದ ಬಟ್ಟೆಯ ಚೂರು ಎಂಬ ಅರ್ಥದ ಆ ಪದವನ್ನು ಇಂದಿನ ಹುಡುಗರು "ಚಿಂದಿ ಮಗಾ" ಎಂದು ಮೆಚ್ಚುಗೆಗೆ ಬಳಸುತ್ತಾರೆ. ಸ್ಕೂಟರನ್ನು "ಚಿಂದಿ ಗಾಡಿ" ಎಂದು ಬರೆದಿದ್ದರೆ, ಇಪ್ಪತ್ತರ ಹರೆಯದವನು ಭರ್ಜರಿ ಗಾಡಿ ಎಂದೂ ಅವನ ತಂದೆ ಚೂರುಚೂರಾದ ಗಾಡಿ ಎಂದೂ ಓದಿಕೊಳ್ಳುತ್ತಿದ್ದರು. ಹರಕು ವಸ್ತುಗಳ ಪದಗಳು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗೆಂದು ಈ ಪದಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ನನಗೆ ಅವು ಪ್ರಿಯವಾದವು. ಬಡತನದಲ್ಲಿ ಒಂದೇ ವಸ್ತುವನ್ನು ಇಪ್ಪತ್ತು ಮೂವತ್ತು ವರ್ಷ ಎಳೆದಾಡಿ ಬಳಸಿದ ಜನ ಆ ವಸ್ತುವಿನ ಜೊತೆ ಬೆಳೆಸಿಕೊಂಡ ನಂಟು ಅವುಗಳಲ್ಲಿದೆ. ನಾನು ಹೇಳುವುದು ಇಷ್ಟು: ಈ ಪದಗಳು ವಸ್ತು ಹೇಗಿದೆ ಎಂಬುದನ್ನು ತಿಳಿಸುವುದಿಲ್ಲ, ಹೇಳುವವನಿಗೂ ವಸ್ತುವಿಗೂ ಇರುವ ಸಂಬಂಧವನ್ನು ತಿಳಿಸುತ್ತವೆ. ಸ್ಥಿತಿಯನ್ನು ತಿಳಿಸಬೇಕಾದ ಜಾಗದಲ್ಲಿ ಅವನ್ನು ಇಟ್ಟರೆ, ಓದುವವನು ಎಲ್ಲಿ ನಿಂತಿದ್ದಾನೆಂಬುದರ ಮೇಲೆ ಅರ್ಥ ಬದಲಾಗುತ್ತ ಹೋಗುತ್ತದೆ.

ಮೂರನೆಯ ದಿನ ಸಂಜೆ ನಾನು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ಸಾಲು ಬರೆದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ, ಮಗ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. 1994ರಿಂದ ಆ ಸ್ಕೂಟರಿಗೆ ಹಾಕಿದ ಪ್ರತಿ ಲೀಟರ್ ಪೆಟ್ರೋಲು, ಬದಲಿಸಿದ ಪ್ರತಿ ಕೇಬಲ್ಲು, ಎರಡು ಬಾರಿ ಬೋರ್ ಮಾಡಿಸಿದ ತಾರೀಖು, ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿದ ವಿವರ, ಎಲ್ಲವೂ ಅದರಲ್ಲಿ ಒಂದೇ ಅಳತೆಯ ಅಕ್ಷರಗಳಲ್ಲಿದ್ದವು. ವಿಮಾನದ ಲಾಗ್ ಪುಸ್ತಕ ಬರೆದು ರೂಢಿಯಾದ ಕೈ ಅದು. 2018ರಲ್ಲಿ, ಬೆಂಗಳೂರಿನ ಉದ್ಯಮಿ ಹಾಗೂ ಅಂದಿನ ರಾಜ್ಯಸಭಾ ಸದಸ್ಯ ರಾಜೀವ್ ಚಂದ್ರಶೇಖರ್ ಅವರು ಹಳೆಯ ಡಕೋಟಾವೊಂದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟ ಸುದ್ದಿಯ ಪತ್ರಿಕೆಯ ತುಣುಕನ್ನೂ ಅದೇ ಪುಸ್ತಕದೊಳಗೆ ಮಡಿಸಿಟ್ಟಿದ್ದರು. ಪರಶುರಾಮ ಎಂದು ಹೆಸರಿಟ್ಟ ಆ ವಿಮಾನ ಬ್ರಿಟನ್ನಿನಿಂದ ಭಾರತದವರೆಗೂ ಹಾರಿಯೇ ಬಂದದ್ದು ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

ಹೊಸ ಸೂಚನೆಯನ್ನು ನಾವಿಬ್ಬರೂ ಕೂಡಿ ಬರೆದೆವು. ನಾನು "ಹಳೆಯ ಚೇತಕ್" ಎಂದು ಆರಂಭಿಸಿದೆ. ಅವರು ತಡೆದು, "ಹಳೇದು ಅನ್ನೋದು ತೆಗೀರಿ. 1994 ಅಂತ ಹಾಕಿ. ಹಳೇದೋ ಹೊಸದೋ ಅವರೇ ಲೆಕ್ಕ ಹಾಕ್ಕೊಳ್ಲಿ" ಎಂದರು. ಕೊನೆಗೆ ಆದ ರೂಪ ಹೀಗಿತ್ತು: "1994ರ ಬಜಾಜ್ ಚೇತಕ್. ಒಬ್ಬರೇ ಬಳಸಿದ್ದು. ದಿನವೂ ಓಡುತ್ತಿದೆ, ಎರಡನೇ ಅಥವಾ ಮೂರನೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಎಂಜಿನ್ ಎರಡು ಸಲ ಬೋರ್ ಆಗಿದೆ. ಸ್ಪೀಡೋಮೀಟರ್ ಕೆಲಸ ಮಾಡುವುದಿಲ್ಲ. ಕಾಲಿಡುವ ಜಾಗದ ತಗಡಿಗೆ ಎಡಗಡೆ ತುಕ್ಕು ಹಿಡಿದಿದೆ. ಸೀಟಿನ ಕವರ್ ಹರಿದು ಹೊಲಿಸಿದ್ದು. ಸ್ಟೆಪ್ನಿ ಇದೆ. ನೋಂದಣಿ, ವಿಮೆ ಚಾಲ್ತಿಯಲ್ಲಿವೆ." ಸ್ಪೀಡೋಮೀಟರಿನ ವಿಷಯ ಬಿಡೋಣವೆಂದು ಮಗ ಹೇಳಿದ್ದಕ್ಕೆ ಹಿರಿಯರು ಒಪ್ಪಲಿಲ್ಲ. ಕೊರತೆಗಳನ್ನು ಒಂದೊಂದಾಗಿ ಹೆಸರಿಸಿದ ಈ ಸೂಚನೆ ಅವರಿಗೆ ಅವಮಾನವೆನಿಸಲಿಲ್ಲ. ತುಕ್ಕು ಹಿಡಿದಿದೆ ಎನ್ನುವುದಕ್ಕೂ ಡಕೋಟಾ ಎನ್ನುವುದಕ್ಕೂ ಇರುವ ಅಂತರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು: ತುಕ್ಕನ್ನು ಉಜ್ಜಿ ತೆಗೆಯಬಹುದು, ತಗಡು ಬದಲಿಸಬಹುದು, ಹೆಸರನ್ನು ಏನೂ ಮಾಡಲು ಬರುವುದಿಲ್ಲ.

ಆ ಯುವಕನಿಗೆ ನಾನೇ ಫೋನ್ ಮಾಡಿ, ನನ್ನ ಬರಹದಿಂದಾದ ತಪ್ಪನ್ನು ಹೇಳಿ, ಆಟೋ ಬಾಡಿಗೆಯನ್ನು ಕೊಡುತ್ತೇನೆಂದೆ. ಅವನು ಹಣ ತೆಗೆದುಕೊಳ್ಳಲಿಲ್ಲ. ಹೊಸ ಸೂಚನೆಯನ್ನು ಓದಿ, "ಇದು ಚಾಲೂ ಗಾಡಿ ಅಲ್ರಿ, ಇದನ್ನ ಬಿಚ್ಚಿ ಸಾಮಾನು ತಗಿಯೂದು ಪಾಪ ಆಗ್ತದ" ಎಂದ. ಮುಂದಿನ ಭಾನುವಾರ ಸಿಟಿ ಬಸ್ಸಿನಲ್ಲಿ ಒಬ್ಬನೇ ಬಂದ. ಹಿರಿಯರು ಗೇಟು ತೆರೆದು, ಪೆಟ್ರೋಲ್ ಕಾಕ್ ತಿರುಗಿಸಿ, ಸ್ಕೂಟರನ್ನು ಒಮ್ಮೆ ಪಕ್ಕಕ್ಕೆ ವಾಲಿಸಿ ನಿಲ್ಲಿಸಿ, "ಹೊಡಿಯಪ್ಪಾ" ಎಂದರು. ಮೂರನೆಯ ಕಿಕ್ಕಿಗೆ ಹೊತ್ತಿಕೊಂಡಿತು. ಒಂದು ಸುತ್ತು ಹೋಗಿ ಬಂದ ಮೇಲೆ ಮಾತು ಏಳು ಸಾವಿರಕ್ಕೆ ನಿಂತಿತು. ವರ್ಗಾವಣೆಯ ಅರ್ಜಿಗಳಾದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಲು ಅವರು ನಮ್ಮ ಮನೆಯ ಜಗುಲಿಯಲ್ಲೇ ಕುಳಿತರು.

ಸಹಿ ಮುಗಿದ ಮೇಲೂ ಇಬ್ಬರೂ ಏಳಲಿಲ್ಲ. ಯುವಕ ತನ್ನ ಅಪ್ಪನ ಚೇತಕ್ಕಿನ ಕಷ್ಟಗಳನ್ನು ಹೇಳತೊಡಗಿದ, ಹಿರಿಯರು ಕೇಳತೊಡಗಿದರು. ಪ್ಲಗ್ಗಿನ ತುದಿ ಕಪ್ಪಾಗುತ್ತದೆಯೋ ಬೆಳ್ಳಗಾಗುತ್ತದೆಯೋ, ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸುತ್ತಾರೆ, ಕ್ಲಚ್ ಪ್ಲೇಟ್ ಯಾವಾಗ ಹಾಕಿಸಿದ್ದು, ಏರು ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುತ್ತದೆಯೇ, ಕಾರ್ಬುರೇಟರ್ ತೊಳೆದು ಎಷ್ಟು ದಿನವಾಯಿತು. ಒಬ್ಬರದು ಮೈಸೂರಿನ ಮಾತು, ಇನ್ನೊಬ್ಬನದು ಕಲಬುರಗಿಯದು. ಮುಕ್ಕಾಲು ಗಂಟೆ ನಾನು ಪಕ್ಕದಲ್ಲೇ ಕುಳಿತು ಕೇಳಿದೆ. ಅಷ್ಟು ಹೊತ್ತಿನಲ್ಲಿ ಡಕೋಟಾ ಎಂಬ ಮಾತಾಗಲಿ, ಖಟಾರಾ ಎಂಬ ಮಾತಾಗಲಿ, ಹರಕು ಎಂಬ ಅರ್ಥದ ಬೇರೆ ಯಾವ ಮಾತಾಗಲಿ ಇಬ್ಬರ ಬಾಯಲ್ಲೂ ಒಮ್ಮೆಯೂ ಬರಲಿಲ್ಲ.